ಆರು ಪದ ಹಿಂದೆ

ಉತ್ತರ ಬೆಂಗಳೂರಿನಲ್ಲಿ ಓಡಾಡುವವರ ಬಾಯಲ್ಲಿ ಬಿಇಎಲ್ ಸರ್ಕಲ್ ದಿನಕ್ಕೆ ಹತ್ತು ಸಲ ಬರುತ್ತದೆ. ಆ ಮೂರಕ್ಷರ ಬಿಡಿಸಿದರೆ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಎಂಬುದು ಬಹುಪಾಲು ಜನಕ್ಕೆ ಗೊತ್ತು. ಅದರ ಬೆನ್ನ ಹಿಂದೆ ಇನ್ನೊಂದು ಮೂರಕ್ಷರ ಇತ್ತೆಂಬುದು ಅಷ್ಟಾಗಿ ಗೊತ್ತಿಲ್ಲ. 1954ರಲ್ಲಿ ಜಾಲಹಳ್ಳಿಯಲ್ಲಿ ಈ ಕಾರ್ಖಾನೆ ಹುಟ್ಟಿದಾಗ ತಾಂತ್ರಿಕವಾಗಿ ಕೈಹಿಡಿದು ನಡೆಸಿದ್ದು ಫ್ರಾನ್ಸಿನ ಸಿಎಸ್‌ಎಫ್ ಎಂಬ ಕಂಪನಿ. ಅದರ ಉದ್ದನೆಯ ಫ್ರೆಂಚ್ ಹೆಸರಿನಲ್ಲಿ ‘ತಂತಿಯಿಲ್ಲದ ಟೆಲಿಗ್ರಾಫ್’ ಎಂಬ ಮಾತಿದೆ. ಟೆಲಿಗ್ರಾಂಗೂ ಲೋಹದ ಎಳೆಗೂ ತಂತಿ ಎಂಬ ಒಂದೇ ಪದ ಬಳಸಿದ ನಮ್ಮ ಹಿರಿಯರ ಬಾಯಲ್ಲಿ ಅದು ‘ತಂತಿಯಿಲ್ಲದ ತಂತಿ’ ಆಗುತ್ತಿತ್ತು. ಎರಡು ವರ್ಷ ಕಳೆದು, 1956ರಲ್ಲಿ, ಜಾಲಹಳ್ಳಿಯ ಕಾರ್ಖಾನೆಯಲ್ಲಿ ಸಂಪರ್ಕ ಉಪಕರಣಗಳ ತಯಾರಿ ಶುರುವಾಯಿತು.

ಅದೇ 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಬಂಧ ಪ್ರಕಟಿಸಿದ. ಮನುಷ್ಯ ಒಮ್ಮೆ ಕೇಳಿ ಮನಸ್ಸಿನಲ್ಲಿ ಹಿಡಿದುಕೊಳ್ಳಬಲ್ಲದ್ದು ಏಳು ಸಂಗತಿ, ಹೆಚ್ಚೆಂದರೆ ಎರಡು ಮೇಲೆ, ಇಲ್ಲವೇ ಎರಡು ಕೆಳಗೆ ಎಂಬ ಮಾತಿನಿಂದ ಅದು ಜಗತ್ಪ್ರಸಿದ್ಧವಾಯಿತು. ಏಳೇ ಸಂಗತಿ ಹಿಡಿಯುವ ತಲೆ ಇಪ್ಪತ್ತು ಪದದ ವಾಕ್ಯವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ? ಉತ್ತರ ಕೊಡಲು ಮಿಲ್ಲರ್ ಕರೆತಂದ ಸಾಕ್ಷಿ ಪಂಡಿತನಲ್ಲ, ಕವಿಯಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೋರ್ಸ್ ಸಂಕೇತ ಕಲಿಯುತ್ತಿರುವ ವೈರ್‌ಲೆಸ್ ಆಪರೇಟರ್. ಮೊದಲ ದಿನಗಳಲ್ಲಿ ಅವನಿಗೆ ಒಂದೊಂದು ಗಿಡ್ಡ ‘ಡಿಟ್’, ಒಂದೊಂದು ಉದ್ದ ‘ಡಾ’ ಬೇರೆಬೇರೆಯಾಗಿ ಕೇಳುತ್ತದೆ. ಆಮೇಲೆ ಕೆಲವು ಸದ್ದು ಸೇರಿ ಒಂದು ಅಕ್ಷರ, ಅಕ್ಷರಗಳು ಸೇರಿ ಒಂದು ಪದ, ಪದಗಳು ಸೇರಿ ಒಂದು ನುಡಿಗಟ್ಟು. ಹಿಡಿಯುವ ಗಂಟುಗಳ ಲೆಕ್ಕ ಅಷ್ಟೇ ಇರುತ್ತದೆ, ಗಂಟಿನೊಳಗೆ ತುಂಬುವ ಸರಕು ಬೆಳೆಯುತ್ತದೆ.

ಜಾಲಹಳ್ಳಿಯಲ್ಲಿ ತಯಾರಾಗುತ್ತಿದ್ದಂಥ ಯಂತ್ರದ ಮುಂದೆ ಕೂರುವವನೇ ನೆನಪಿನ ವಿಜ್ಞಾನಕ್ಕೆ ಸಾಕ್ಷಿಯಾದದ್ದು ಬರೀ ಕಾಕತಾಳೀಯವೆಂದು ನಾನೂ ಬಹಳ ಕಾಲ ತಿಳಿದಿದ್ದೆ. ಇತಿಹಾಸ ಕೆದಕುತ್ತ ಹೋದರೆ ಎರಡರ ಬೇರೂ ಒಂದೇ ಯುದ್ಧದ ಮಣ್ಣಿನಲ್ಲಿ ಸಿಗುತ್ತದೆ.

ಜಾಲಹಳ್ಳಿಯ ಮಣ್ಣನ್ನೇ ಮೊದಲು ನೋಡೋಣ. ಎರಡನೇ ಮಹಾಯುದ್ಧ ಬರುವವರೆಗೆ ಇದು ಬೆಂಗಳೂರಿನ ಹೊರಗಿದ್ದ ಹಳ್ಳಿ. ಯುದ್ಧ ಬಂದಾಗ ಇಲ್ಲಿ ಸೇನಾ ಆಸ್ಪತ್ರೆಗಳ ಸಾಲು ಎದ್ದಿತು, ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಯುದ್ಧಕೈದಿಗಳಾಗಿ ಬಂದರು. ಯುದ್ಧ ಮುಗಿಯಿತು, ಕಟ್ಟಡ ಮತ್ತು ಬಯಲು ಉಳಿದವು. 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಇಲ್ಲಿ ಶುರುವಾಯಿತು. ಮುಂದೆ ಸಂಪರ್ಕ ವಿದ್ಯೆಗೂ ಎಲೆಕ್ಟ್ರಾನಿಕ್ಸ್‌ಗೂ ಮೀಸಲಾದ ವಾಯುಪಡೆಯ ತರಬೇತಿ ಸಂಸ್ಥೆಗಳು ಜಾಲಹಳ್ಳಿಯಲ್ಲೇ ನೆಲೆಯೂರಿದವು. 1953ರಲ್ಲಿ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿ, ಅದರ ಮರುವರ್ಷ ಬಿಇಎಲ್. ಒಂದು ಕಡೆ ರೇಡಿಯೊ ಮಾಡುವವರು, ಇನ್ನೊಂದು ಕಡೆ ರೇಡಿಯೊ ಕೇಳಲು, ರಿಪೇರಿ ಮಾಡಲು ಕಲಿಯುವವರು. 1961ರಲ್ಲಿ ಬಿಇಎಲ್ ರೇಡಿಯೊ ವಾಲ್ವ್ ತಯಾರಿಸತೊಡಗಿತು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರಿನಂಥ ಅರೆವಾಹಕಗಳನ್ನು, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರಸಾರ ಯಂತ್ರಗಳನ್ನು. ಅದೇ ಹೊತ್ತಿಗೆ ಎಚ್‌ಎಂಟಿಯ ಕೈಗಡಿಯಾರವೂ ಬಂದಿತ್ತು. ಒಂದೇ ಊರು ದೇಶಕ್ಕೆ ಗಳಿಗೆಯನ್ನೂ ಕೊಟ್ಟಿತು, ಸದ್ದನ್ನೂ ಕೊಟ್ಟಿತು.

ಇನ್ನೊಂದು ಬೇರು ಯುದ್ಧದ ಮಣ್ಣನ್ನೂ ದಾಟಿ ಇನ್ನೂ ಆಳಕ್ಕೆ ಇಳಿಯುತ್ತದೆ. 1830 ಮತ್ತು 1840ರ ದಶಕಗಳಲ್ಲಿ ಮೋರ್ಸ್ ತನ್ನ ಯಂತ್ರ ರೂಪಿಸಿದ್ದು ಕಾಗದದ ಪಟ್ಟಿಯ ಮೇಲೆ ಗೀಟು ಮತ್ತು ಚುಕ್ಕೆ ಮೂಡಿಸಲೆಂದು. ಗುಮಾಸ್ತ ಅದನ್ನು ಕಣ್ಣಿನಿಂದ ಓದಬೇಕಿತ್ತು. ಯಂತ್ರದ ಎದುರು ದಿನಗಟ್ಟಲೆ ಕೂತ ಹುಡುಗರು ಪಟ್ಟಿಯ ಕಡೆ ನೋಡುವುದನ್ನೇ ಬಿಟ್ಟರು. ಕಟಕಟ ಸದ್ದು ಕೇಳುತ್ತಲೇ ಅಕ್ಷರ ಬರೆದುಕೊಳ್ಳತೊಡಗಿದರು. ಕಾಗದದ ಪುರಾವೆಯಿಲ್ಲದೆ ಬರೀ ಕಿವಿಯನ್ನು ನಂಬುವುದು ಮೇಲಧಿಕಾರಿಗಳಿಗೆ ಮೊದಮೊದಲು ಹಿಡಿಸಲಿಲ್ಲ. ಕೊನೆಗೆ ಗೆದ್ದದ್ದು ಕಿವಿ. ನಮ್ಮಲ್ಲಿ 1850ರ ದಶಕದ ಮೊದಲಲ್ಲಿ ಕಲ್ಕತ್ತದಿಂದ ಡೈಮಂಡ್ ಹಾರ್ಬರ್‌ಗೆ ಎಳೆದ ಪ್ರಯೋಗದ ತಂತಿಯಿಂದ ಶುರುವಾದ ಟೆಲಿಗ್ರಾಂ, 2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬಾಗಿಲು ಹಾಕುವವರೆಗೆ ನಡೆಯಿತು. ‘ತಂತಿ ಬಂತು’ ಎಂದರೆ ಮನೆಯಲ್ಲಿ ಮೊದಲು ಅಳು, ಆಮೇಲೆ ಓದು.

ಕಿವಿಯ ಈ ಗೆಲುವನ್ನು ಮೊದಲು ಅಳೆದು ನೋಡಿದವರು ಇಬ್ಬರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವಿಲಿಯಂ ಲೋ ಬ್ರಯನ್, ಜತೆಗೆ ತಾನೇ ಹಿಂದೆ ಟೆಲಿಗ್ರಾಫ್ ಕೆಲಸ ಮಾಡಿದ್ದ ನೋಬಲ್ ಹಾರ್ಟರ್. 1897 ಮತ್ತು 1899ರಲ್ಲಿ ಬಂದ ಅವರ ಎರಡು ಪ್ರಬಂಧಗಳು ಇವತ್ತಿಗೂ ಓದಲು ಸೊಗಸಾಗಿವೆ, ಏಕೆಂದರೆ ಅವುಗಳಲ್ಲಿ ಕಸುಬಿನವರ ಮಾತು ಇದೆ. ಅವರು ಕಂಡದ್ದರಲ್ಲಿ ಒಂದು ಸಂಗತಿ ಹೊರಗಿನವರಿಗೆ ವಿಚಿತ್ರವೆನಿಸುತ್ತದೆ. ಹೊಸಬ ಆಪರೇಟರ್ ಸದ್ದಿಗೆ ಅಂಟಿಕೊಂಡು ಬರೆಯುತ್ತಾನೆ. ಅಕ್ಷರ ಬಂತು, ಬರೆದ. ಪಳಗಿದವನ ಪೆನ್ಸಿಲ್ ಮಾತ್ರ ಸದ್ದಿಗಿಂತ ಆರರಿಂದ ಹನ್ನೆರಡು ಪದ ಹಿಂದೆ ನಡೆಯುತ್ತಿರುತ್ತದೆ. ಪಕ್ಕದಲ್ಲಿ ನಿಂತು ನೋಡಿದವರಿಗೆ ಇವನು ಸೋಮಾರಿ, ಹಿಂದೆ ಬಿದ್ದಿದ್ದಾನೆ ಎನಿಸಬೇಕು. ಅವನು ಬೇಕೆಂದೇ ಹಿಂದೆ ಉಳಿದಿರುತ್ತಾನೆ. ವಾಕ್ಯ ಎತ್ತ ಹೊರಳುತ್ತದೆ ನೋಡಿಕೊಂಡು ಬರೆದರೆ ತಪ್ಪು ಕಡಿಮೆ. ನಡುವೆ ಒಂದಕ್ಷರ ಮಾಸಿದರೂ ಮುಂದಿನ ಪದ ಅದನ್ನು ತುಂಬಿಕೊಡುತ್ತದೆ.

ಬರುತ್ತಿರುವ ಪದಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಅದೇ ಪಳಗಿದ ಕೈ ಸದ್ದಿನ ಹತ್ತಿರ ಸರಿಯಬೇಕು. ಬರುವುದು ಪದವೂ ಆಗದ ಬಿಡಿ ಅಕ್ಷರಗಳಾದರೆ ಇನ್ನೂ ಹತ್ತಿರ. ಯುದ್ಧಕಾಲದ ಗೂಢ ಸಂದೇಶಗಳು ಸಾಮಾನ್ಯವಾಗಿ ಐದೈದು ಅಕ್ಷರದ ಗುಂಪುಗಳಾಗಿ ಹೋಗುತ್ತಿದ್ದವು. ಅಲ್ಲಿ ಹಿಂದೆ ಉಳಿಯುವ ಐಷಾರಾಮ ಇಲ್ಲ, ಏಕೆಂದರೆ ಕಾಯುವುದಕ್ಕೆ ಅರ್ಥವೇ ಇಲ್ಲ. ಅಂದರೆ ಆ ಆರು ಪದದ ದೂರ ಬರೀ ನೆನಪಿನ ಶಕ್ತಿಯಲ್ಲ. ನೆನಪಿಗೆ ವಾಕ್ಯ ಕೊಡುವ ಸಾಲ.

ಬ್ರಯನ್ ಮತ್ತು ಹಾರ್ಟರ್ ಹೇಳಿದ್ದೆಲ್ಲ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಲಿಯುವವನ ಪ್ರಗತಿ ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು, ಆಮೇಲೆ ಒಮ್ಮೆಲೇ ಏರುತ್ತದೆ ಎಂದು ಅವರು ರೇಖೆ ಎಳೆದು ತೋರಿಸಿದ್ದರು. ಎರಡನೇ ಯುದ್ಧದಲ್ಲಿ ಅಮೆರಿಕದ ಸೇನೆಗೆ ಮೋರ್ಸ್ ಕಲಿಸುವ ಹೊಸ ಕ್ರಮ ರೂಪಿಸಿದ ಫ್ರೆಡ್ ಕೆಲ್ಲರ್ 1958ರಲ್ಲಿ ಆ ಸಪಾಟನ್ನು ಭೂತದ ಸಪಾಟು ಎಂದು ಕರೆದ. ಹುಡುಕಿದರೆ ಸಿಗುವುದಿಲ್ಲ ಎಂಬುದು ಅವನ ವಾದ. ರೇಖೆ ಹೋಯಿತು, ‘ಹಿಂದೆ ಉಳಿದು ಬರೆಯುವುದು’ ಉಳಿಯಿತು.

ಮಿಲ್ಲರ್‌ನನ್ನು ಈ ಕಥೆಗೆ ತಂದದ್ದೂ ಯುದ್ಧವೇ. ಹಾರ್ವರ್ಡಿನಲ್ಲಿ 1946ರಲ್ಲಿ ಅವನು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ಶತ್ರುವಿನ ರೇಡಿಯೊ ಮಾತು ಕೇಳಿಸದಂತೆ ಯಾವ ಗದ್ದಲ ಹರಿಸಬೇಕು ಎಂಬುದು. ಅದು ಗುಪ್ತ ಸಂಶೋಧನೆ. ಮಾತನ್ನು ಕೆಡಿಸಲು ಹೊರಟವನಿಗೆ ಮಾತು ಎಷ್ಟು ಗಟ್ಟಿ ಎಂಬುದು ತಿಳಿಯಿತು. 1951ರಲ್ಲಿ ಹೈಸ್ ಮತ್ತು ಲಿಚ್ಟನ್ ಜತೆ ಸೇರಿ ಅವನು ತೋರಿಸಿದ್ದು ಇಷ್ಟು: ಒಂಟಿಯಾಗಿ ಹೇಳಿದಾಗ ಗದ್ದಲದಲ್ಲಿ ಮುಳುಗಿಹೋಗುವ ಪದವೇ ವಾಕ್ಯದ ನಡುವೆ ಬಂದರೆ ಕೇಳುತ್ತದೆ. ಎಚ್‌ಎಂಟಿ, ಬಿಇಎಲ್‌ನಂಥ ಕಡೆ ಯಂತ್ರಗಳ ಸದ್ದಿನಲ್ಲಿ ಪಾಳಿ ಮುಗಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಲೇತ್ ತಿರುಗುತ್ತಿರುವಾಗ ‘ಟೀ’ ಎಂದು ಕೂಗಿದರೆ ಕೇಳದು. ‘ಬಾರಯ್ಯ ಟೀ ಕುಡಿಯೋಣ’ ಎಂದರೆ ಅರ್ಧ ಕೇಳಿಸಿಯೂ ಪೂರ್ತಿ ತಿಳಿಯುತ್ತದೆ.

1956ರ ಸೆಪ್ಟೆಂಬರ್ 11ರಂದು ಅಮೆರಿಕದ ಎಂಐಟಿಯ ಸಭೆಯೊಂದರಲ್ಲಿ ಮಿಲ್ಲರ್ ತನ್ನ ಏಳರ ಲೆಕ್ಕವನ್ನೂ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ತನ್ನ ವ್ಯಾಕರಣವನ್ನೂ ಮಂಡಿಸಿದರು. ಮನಸ್ಸಿನ ಹೊಸ ವಿಜ್ಞಾನ ಹುಟ್ಟಿದ್ದು ಆ ದಿನ ಎಂದು ಮಿಲ್ಲರ್ ಆಮೇಲೆ ಹೇಳಿಕೊಂಡ. ಹುಟ್ಟಿದ ದಿನಾಂಕ ಗೊತ್ತಿರುವ ಶಾಸ್ತ್ರಗಳು ಕಡಿಮೆ. ಕೇಳಿದ ಸದ್ದು ಮನಸ್ಸಿನಲ್ಲಿ ಹೇಗೆ ಅರ್ಥವಾಗುತ್ತದೆ ಎಂಬ ಇದೇ ಪ್ರಶ್ನೆಗೆ ನಮ್ಮ ಕಡೆ ದಿನಾಂಕವಿಲ್ಲದಷ್ಟು ಹಳೆಯ ಚರ್ಚೆ ಇದೆ.

ವೇದವಾಕ್ಯಗಳ ಅರ್ಥ ಚರ್ಚಿಸಿದ ಮೀಮಾಂಸಕರ ಸಮಸ್ಯೆ ಟೆಲಿಗ್ರಾಫ್ ಗುಮಾಸ್ತನದೇ. ಒಂದು ಪದದ ಕೊನೆಯ ಸದ್ದು ಕಿವಿಗೆ ಬೀಳುವಾಗ ಮೊದಲ ಸದ್ದು ಗಾಳಿಯಲ್ಲಿ ಕರಗಿಹೋಗಿರುತ್ತದೆ. ಇಲ್ಲದ ಸದ್ದುಗಳಿಂದ ಇರುವ ಅರ್ಥ ಹೇಗೆ ಬಂತು? ಒಂದೂವರೆ ಸಾವಿರ ವರ್ಷಗಳಷ್ಟು ಹಿಂದೆ ಶಬರಸ್ವಾಮಿ ಕೊಟ್ಟ ಉತ್ತರದ ಸಾರ ಇದು: ಹಿಂದಿನ ಒಂದೊಂದು ಸದ್ದೂ ಮನಸ್ಸಿನಲ್ಲಿ ಒಂದು ಸಂಸ್ಕಾರ ಬಿಟ್ಟುಹೋಗುತ್ತದೆ, ಕೊನೆಯ ಸದ್ದು ಆ ಸಂಸ್ಕಾರಗಳ ಜತೆ ಕೂಡಿ ಅರ್ಥ ಕೊಡುತ್ತದೆ. ವೈಯಾಕರಣ ಭರ್ತೃಹರಿ ಒಪ್ಪಲಿಲ್ಲ. ವಾಕ್ಯ ಅಖಂಡ, ಸದ್ದುಗಳು ಅದನ್ನು ಕ್ರಮೇಣ ಬೆಳಗಿಸುತ್ತವೆ ಅಷ್ಟೇ ಎಂಬುದು ಅವನ ಪಕ್ಷ. ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಬೇಕೆಂದು ಹಳಗಾಲದ ಪಾಠಶಾಲೆಗಳಲ್ಲಿ ಓದಿದವರಿಗೆ ಗೊತ್ತು. ಪದ ಪದವನ್ನು ಬಯಸಬೇಕು, ಅರ್ಥ ಅರ್ಥಕ್ಕೆ ಹೊಂದಬೇಕು, ಪದಗಳು ಕಾಲದಲ್ಲಿ ಹತ್ತಿರವಿರಬೇಕು. ಹಸುವನ್ನು ತರಲು ಹೇಳುವವನು ಪದಕ್ಕೊಂದು ಜಾವ ಬಿಟ್ಟು ಹೇಳಿದರೆ ವಾಕ್ಯವೂ ಆಗದು, ಹಸುವೂ ಬರದು ಎಂಬುದು ಅನ್ನಂಭಟ್ಟನ ತರ್ಕಸಂಗ್ರಹ ಓದಿದವರಿಗೆ ಪರಿಚಿತ ದೃಷ್ಟಾಂತ.

ನನಗೆ ಕುತೂಹಲ ಹುಟ್ಟಿಸುವುದು ಈ ಸನ್ನಿಧಿ. ಮೋರ್ಸ್ ಕೀಲಿ ಮಾಡಿದ್ದು ಅದನ್ನು ಮುರಿಯುವ ಕೆಲಸ. ಬಾಯಲ್ಲಿ ಅರೆಗಳಿಗೆಯಲ್ಲಿ ಮುಗಿಯುವ ಪದ ತಂತಿಯ ಮೇಲೆ ಸದ್ದು ಸದ್ದಾಗಿ ಹರಿದು ಚೂರಾಗಿ ಬರುತ್ತದೆ. ಹೊಸಬನಿಗೆ ವಾಕ್ಯದ ಬಾಲ ಸಿಗುವ ಹೊತ್ತಿಗೆ ತಲೆ ಮರೆತಿರುತ್ತದೆ. ಪಳಗಿದವನು ಚದುರಿದ್ದನ್ನು ಗಂಟು ಕಟ್ಟಿ, ಕಳೆದುಹೋದ ಸನ್ನಿಧಿಯನ್ನು ತಲೆಯೊಳಗೆ ಮತ್ತೆ ಕಟ್ಟಿಕೊಳ್ಳುತ್ತಾನೆ. ಶಬರಸ್ವಾಮಿಗೆ ಒಂದು ಪ್ರಯೋಗಶಾಲೆ ಇದ್ದಿದ್ದರೆ ಅವನೂ ಆಪರೇಟರನನ್ನೇ ಕರೆಸುತ್ತಿದ್ದನೇನೋ.

ಪ್ರಯೋಗಶಾಲೆ ಮತ್ತು ರೇಡಿಯೊ ಎರಡನ್ನೂ ಒಟ್ಟಿಗೆ ಮುಟ್ಟಿದ ಕನ್ನಡ ನಾಡಿನ ಒಬ್ಬರು ನಿಜಕ್ಕೂ ಇದ್ದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್‌ರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಶುರುವಾದ ಮನಶ್ಶಾಸ್ತ್ರ ವಿಭಾಗದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಹಬ್ಬಿದ್ದು ಅಲ್ಲಿಂದ. ಮನಸ್ಸನ್ನು ಅಳೆಯುವ ಕಸುಬಿನವರಿಗೆ ರೇಡಿಯೊ ಹುಚ್ಚು ಹಿಡಿದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಪುಸ್ತಕದ ಓದುಗನ ಕಣ್ಣು ಹಿಂದಿನ ಸಾಲಿಗೆ ಹೋಗಿ ಬರಬಹುದು. ಬಾನುಲಿ ಕೇಳುವವನಿಗೆ ಹಿಂದಿನ ಸಾಲು ಎಂಬುದಿಲ್ಲ, ಇರುವುದು ತನ್ನ ನೆನಪು ಮಾತ್ರ.

ಆ ನೆನಪು ಏನನ್ನು ಇಟ್ಟುಕೊಳ್ಳುತ್ತದೆ ಎಂಬುದನ್ನು 1967ರಲ್ಲಿ ಜಾಕ್ವೆಲಿನ್ ಸ್ಯಾಕ್ಸ್ ಪರೀಕ್ಷಿಸಿದರು. ಕೇಳುಗರಿಗೆ ಒಂದು ಕಥನ ಕೇಳಿಸಿ, ಅದರಲ್ಲಿನ ವಾಕ್ಯವೊಂದನ್ನು ತುಸು ಬದಲಿಸಿ, ಇದನ್ನೇ ಕೇಳಿದಿರಾ ಎಂದು ವಿಚಾರಿಸಿದರು. ಕೂಡಲೇ ಕೇಳಿದಾಗ ಸಣ್ಣ ಬದಲಾವಣೆಯನ್ನೂ ಜನ ಹಿಡಿದರು. ನಡುವೆ ಎಂಬತ್ತು ಉಚ್ಚಾರಾಂಶದಷ್ಟು ಮಾತು ಹರಿದುಹೋದ ಮೇಲೆ ವಾಕ್ಯದ ಕಟ್ಟಡ ಬದಲಾದದ್ದು ಅವರಿಗೆ ಅಷ್ಟಾಗಿ ತಿಳಿಯಲಿಲ್ಲ, ಅರ್ಥ ತಿರುಚಿದ್ದು ಮಾತ್ರ ತಿಳಿಯಿತು. ಕೂಲಿಯವನು ಸಾಮಾನು ಇಳಿಸಿದ ಮೇಲೆ ಗೋಣಿಚೀಲ ಒದರಿ ಎಸೆಯುತ್ತಾನಲ್ಲ, ಹಾಗೆ. ‘ಅವನು ಏನಂದ ಗೊತ್ತು, ಹೇಗಂದ ಗೊತ್ತಿಲ್ಲ’ ಎಂದು ಜಗಳದ ಸಾಕ್ಷಿ ಹೇಳಿದರೆ ನಂಬಬಹುದು.

ಮುಂದಿನ ಹತ್ತು ವರ್ಷಗಳಲ್ಲಿ ಚಿತ್ರ ತೊಡಕಾಯಿತು. ಬ್ರಿಟನ್ನಿನ ವಾರಿಂಗ್ಟನ್ ಮತ್ತು ಶಾಲಿಸ್ ಮಿದುಳಿಗೆ ಪೆಟ್ಟಾದ ಒಬ್ಬ ರೋಗಿಯನ್ನು ವರ್ಣಿಸಿದರು. ಎರಡು ಅಂಕಿಗಿಂತ ಹೆಚ್ಚು ಒಪ್ಪಿಸಲು ಅವನಿಗೆ ಕಷ್ಟ, ಆದರೂ ದಿನಬಳಕೆಯ ಮಾತು ಅರ್ಥವಾಗುತ್ತಿತ್ತು. ಏಳು ಗಂಟಿನ ಲೆಕ್ಕವೇ ವಾಕ್ಯಕ್ಕೆ ಆಧಾರವಾದರೆ ಅವನಿಗೆ ಯಾವ ವಾಕ್ಯವೂ ದಕ್ಕಬಾರದಿತ್ತು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ನೆನಪನ್ನು ಗೋದಾಮಿನಂತೆ ನೋಡುವುದು ಬಿಟ್ಟು, ಕೆಲಸ ಮಾಡುವ ಮೇಜಿನಂತೆ ನೋಡಿದರು. ಅದರ ಒಂದು ಮೂಲೆಯಲ್ಲಿ ಸದ್ದು ಸುತ್ತುತ್ತಿರುತ್ತದೆ, ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು. ವೇಲ್ಸ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಆ ಭಾಷೆಯಲ್ಲಿ ಕಡಿಮೆ ಅಂಕಿ ನೆನಪಿರುತ್ತವೆ ಎಂದು 1980ರಲ್ಲಿ ಒಂದು ಅಧ್ಯಯನ ತೋರಿಸಿತು. ಜಾಲಹಳ್ಳಿ ಕ್ರಾಸಿನ ಅಂಗಡಿಯಲ್ಲಿ ಅಚ್ಚ ಕನ್ನಡದಲ್ಲಿ ಚೌಕಾಸಿ ಮಾಡಿದವರೂ ಫೋನ್ ನಂಬರ್ ಮಾತ್ರ ‘ನೈನ್ ಏಟ್ ಫೋರ್’ ಎನ್ನುವುದು ಬರೀ ಷೋಕಿ ಅಲ್ಲ, ‘ಒಂಬತ್ತು’ ಎನ್ನುವಷ್ಟರಲ್ಲಿ ಆ ಎರಡು ಸೆಕೆಂಡು ತೀರಿಹೋಗುವ ಭಯವೂ ಇದ್ದೀತು ಎಂಬುದು ನನ್ನ ಊಹೆ. ಊಹೆ ಅಷ್ಟೇ.

ಇಷ್ಟೆಲ್ಲ ಪ್ರಯೋಗ ಬಹುಪಾಲು ಇಂಗ್ಲಿಷ್ ಕಿವಿಗಳ ಮೇಲೆ ನಡೆದದ್ದು. ಕನ್ನಡದ ಕಿವಿಯ ಕಥೆ ಬೇರೆಯಾಗಬೇಕು, ಏಕೆಂದರೆ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. 1960ರಲ್ಲಿ ಎಂಐಟಿಯಲ್ಲಿ ಯಂತ್ರಾನುವಾದದ ಹಿಂದೆ ಬಿದ್ದಿದ್ದ ವಿಕ್ಟರ್ ಇಂಗ್ವೆ ಒಂದು ಸಿದ್ಧಾಂತ ಕಟ್ಟಿದ. ವಾಕ್ಯದ ಎಡಗಡೆಗೆ ಕೊಂಬೆ ಚಾಚಿದಷ್ಟೂ ಮುಂದೆ ಹೇಳಬೇಕಾದದ್ದು ನೆನಪಿನಲ್ಲಿ ಬಾಕಿ ಉಳಿಯುತ್ತ ಹೋಗುತ್ತದೆ, ಬಾಕಿ ಏಳರ ಆಸುಪಾಸು ಮುಟ್ಟಿದರೆ ಮಾತು ಮುರಿಯುತ್ತದೆ ಎಂದ. ಜಪಾನಿ, ಟರ್ಕಿಷ್, ಕನ್ನಡದಂಥ ಭಾಷೆಗಳಲ್ಲಿ ಕೊಂಬೆಗಳು ಎಡಕ್ಕೇ ಚಾಚುತ್ತವೆ. ‘ನಿನ್ನೆ ಗಂಗಮ್ಮ ಗುಡಿ ಹತ್ತಿರ ಬಸ್ಸಿಗೆ ಕಾಯುತ್ತಿದ್ದ, ಎಚ್‌ಎಂಟಿಯಲ್ಲಿ ಮೂವತ್ತು ವರ್ಷ ದುಡಿದ, ನಮ್ಮ ಅತ್ತಿಗೆಯ ತಂದೆ’ ಎಂದು ನಾವು ವಾಕ್ಯ ಎಳೆಯುತ್ತೇವೆ. ಕಾಯುತ್ತಿದ್ದವರು, ದುಡಿದವರು ಯಾರೆಂದು ಗೊತ್ತಾಗುವುದು ಕೊನೆಗೆ. ಇಂಗ್ವೆಯ ಲೆಕ್ಕದಲ್ಲಿ ನಾವು ಊಟಕ್ಕೆ ಕೂರುವ ಮೊದಲೇ ಸುಸ್ತಾಗಬೇಕಿತ್ತು.

ಸುಸ್ತಾಗುವ ಜಾಗ ಬೇರೆ ಇದೆ. ‘ಅಮ್ಮ ಅಕ್ಕ ಭಾವ ಬಂದರು ಅಂತ ಹೇಳಿದಳು ಅಂತ ಅಂದುಕೊಂಡಳು.’ ವ್ಯಾಕರಣ ತಪ್ಪಿಲ್ಲ, ಆದರೂ ಯಾವ ಮನೆಯಲ್ಲೂ ಯಾರೂ ಹೀಗೆ ಮಾತಾಡುವುದಿಲ್ಲ. ಅದೇ ಪದಗಳನ್ನು ತಿರುಗಿಸಿ: ‘ಭಾವ ಬಂದರು ಅಂತ ಅಕ್ಕ ಹೇಳಿದಳು ಅಂತ ಅಮ್ಮ ಅಂದುಕೊಂಡಳು.’ ನೀರು ಕುಡಿದಷ್ಟು ಸಲೀಸು. ಎಡಕ್ಕೆ ಕೊಂಬೆ ಹೆಚ್ಚಿರುವುದು ಎರಡನೆಯದರಲ್ಲೇ. ಮೊದಲನೆಯದರಲ್ಲಿ ಒಂದು ವಾಕ್ಯದ ಹೊಟ್ಟೆಯಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು. ಕ್ರಿಯಾಪದ ಕಾಣದೆ ಮೂವರು ನೆಂಟರು ಒಂದೇ ಬಗೆಯ ವಿಭಕ್ತಿಯಲ್ಲಿ ಬಾಗಿಲಲ್ಲಿ ನಿಂತಿದ್ದಾರೆ, ಯಾರನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕೆಂದು ತಿಳಿಯದು. ಎರಡನೆಯದರಲ್ಲಿ ಒಬ್ಬೊಬ್ಬರೇ ಬಂದು, ಕೂತು, ಗಂಟಾಗಿ ಮುಗಿದು, ಮುಂದಿನವರಿಗೆ ಜಾಗ ಬಿಡುತ್ತಾರೆ. 1963ರಲ್ಲಿ ಮಿಲ್ಲರ್ ಮತ್ತು ಚಾಮ್‌ಸ್ಕಿ ಒಟ್ಟಿಗೆ ಬರೆದಾಗ ಬೊಟ್ಟು ಮಾಡಿದ್ದು ಈ ಹೊಟ್ಟೆಯೊಳಗಿನ ವಾಕ್ಯವನ್ನೇ.

ಕಾಯುವುದು ಯಾವಾಗಲೂ ಹೊರೆಯಲ್ಲ ಎಂಬುದು ಇನ್ನೂ ಈಚಿನ ಮಾತು. ಶ್ರವಣ್ ವಸಿಷ್ಠ್ ಹಿಂದಿ ಓದುಗರನ್ನು ಅಧ್ಯಯನ ಮಾಡಿ 2003ರಲ್ಲಿ ಪುಸ್ತಕ ಪ್ರಕಟಿಸಿದರು. ಹಿಂದಿಯೂ ಕ್ರಿಯಾಪದವನ್ನು ಕೊನೆಗಿಡುವ ಭಾಷೆ. ಕರ್ತೃವಿಗೂ ಕ್ರಿಯೆಗೂ ನಡುವೆ ಪದ ಸೇರಿಸಿದರೆ ಓದು ನಿಧಾನವಾಗಬೇಕೆಂದು ಇಂಗ್ಲಿಷಿನ ಪ್ರಯೋಗಗಳು ಹೇಳಿದ್ದವು. ಹಿಂದಿಯಲ್ಲಿ ಕೆಲವು ಕಡೆ ಕ್ರಿಯಾಪದ ಇನ್ನೂ ಬೇಗ ಓದಿಸಿಕೊಂಡಿತು. ನಡುವಿನ ಪದಗಳು ಬರಲಿರುವ ಕ್ರಿಯಾಪದದ ಗುರುತು ಕೊಟ್ಟಿದ್ದವು. ನಮ್ಮ ‘ಗೆ’, ‘ಅನ್ನು’, ‘ಇಂದ’ ಮಾಡುವ ಕೆಲಸವೂ ಇದೇ. ‘ಅವನಿಗೆ ಪುಸ್ತಕವನ್ನು’ ಎನ್ನುವಷ್ಟರಲ್ಲಿ ‘ಕೊಟ್ಟೆ’ ಹೊಸ್ತಿಲಿಗೆ ಬಂದು ನಿಂತಿರುತ್ತದೆ. ಮೀಮಾಂಸಕರು ಇದನ್ನು ಆಕಾಂಕ್ಷೆ ಎಂದಿದ್ದರು. ಹಾಗೆಂದು ಪೂರ್ತಿ ನಂಬುವಂತಿಲ್ಲ, ‘ಕೊಡಲಿಲ್ಲ’ ಎಂದು ಕೊನೆಯ ಗಳಿಗೆಯಲ್ಲಿ ಎಲ್ಲವನ್ನೂ ಬುಡಮೇಲು ಮಾಡುವ ಹಕ್ಕು ಕನ್ನಡಕ್ಕಿದೆ. ಸಾಲ ಕೇಳಲು ಹೋದವರಿಗೆ ಆ ಗಳಿಗೆಯ ಉದ್ದ ಗೊತ್ತು. ಹಾಗಾಗಿ ಕನ್ನಡ ಕೇಳುವ ಪ್ರತಿ ಕಿವಿಯೂ ಒಂದಿಷ್ಟು ಮುಂದೆ ಊಹಿಸುತ್ತ, ಒಂದಿಷ್ಟು ಹಿಂದೆ ಉಳಿದೇ ಕೇಳಬೇಕು, ಥೇಟ್ ಆ ಪಳಗಿದ ಆಪರೇಟರನಂತೆ.

ಅವನ ಕಸುಬು ಮಾತ್ರ ಕರಗಿತು. 1999ರಲ್ಲಿ ಹಡಗುಗಳು ಮೋರ್ಸ್ ಬಿಟ್ಟವು. ಹವ್ಯಾಸಿ ರೇಡಿಯೊ ಪರವಾನಗಿಗೆ ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು 2003ರ ಜಾಗತಿಕ ಸಮ್ಮೇಳನ ಆಯಾ ದೇಶಕ್ಕೇ ಬಿಟ್ಟಿತು. ಬೆಂಗಳೂರಿನಲ್ಲಿ ಇಂಥ ಹವ್ಯಾಸಿ ಹ್ಯಾಮ್‌ಗಳು ಇನ್ನೂ ಇದ್ದಾರೆ, ಕೆಲವರು ಕೀಲಿ ಒತ್ತುತ್ತಾರೆ.

2015ರ ಮೇ 1ರಂದು ಪೀಣ್ಯ ಇಂಡಸ್ಟ್ರಿಯಿಂದ ನಾಗಸಂದ್ರಕ್ಕೆ ಮೆಟ್ರೊ ಓಡತೊಡಗಿದಾಗ ಜಾಲಹಳ್ಳಿಗೂ ಒಂದು ನಿಲ್ದಾಣ ಸಿಕ್ಕಿತು. ಸಂಜೆ ಪಾಳಿ ಬಿಟ್ಟ ಹೊತ್ತಿಗೆ ಬೋಗಿಯಲ್ಲಿ ನಿಂತರೆ ಗಮನಿಸಬಹುದು. ಮೇಲಿನಿಂದ ಕನ್ನಡದ ಪ್ರಕಟಣೆ ಬರುತ್ತದೆ, ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ. ಆ ‘ಕಡೆ’ ಕಿವಿಗೆ ಬಿದ್ದಿರುತ್ತದೆ, ತೆರೆಯುತ್ತದೆ ಎಂಬ ಕ್ರಿಯಾಪದ ಇನ್ನೂ ಬಂದಿರುವುದಿಲ್ಲ. ಅಷ್ಟರಲ್ಲೇ ಊಟದ ಡಬ್ಬಿ ಹಿಡಿದ ಕೈಗಳು ಕಂಬಿ ಬಿಟ್ಟು ಅತ್ತ ಸರಿಯತೊಡಗಿರುತ್ತವೆ.